ಐದು ತೆತ್ರಿ

ಗೇಗಾ, ನೀನು ಹೇಳಿದ್ದು ಅರ್ಥವಾಯಿತು.
ಆ ಕೋಣೆಗೆ ಹೊರಗಿನಿಂದ ಬಾಗಿಲಿಲ್ಲ.
ಅಂಕಿ ಒಳಹೋಗುತ್ತದೆ, ಅಕ್ಷರವಾಗಿ ಬರುತ್ತದೆ;
ನಡುವೆ ಏನಾಯಿತೆಂದು ಕೇಳುವ ಹಕ್ಕು
ಪರೀಕ್ಷಿಸಲೆಂದೇ ಕೂತ ನನಗೂ ಇಲ್ಲ.
ಕೋಡಿನ ನೆತ್ತಿಯಲ್ಲಿ ಬರೆದಿಟ್ಟಿದ್ದೀಯ: ಖಾಸಗಿ.

"ಬೇಕಾದರೆ ತೆರೆದುಬಿಡಲೇ, ನಾತೆಲಾ ಚಿಕ್ಕಮ್ಮ?
ನಿಮ್ಮ ಪರೀಕ್ಷೆಗೋಸ್ಕರ, ಇದೊಂದು ಸಲ?"
ಬೇಡಪ್ಪ. ರೊಟ್ಟಿ ಬೆಂದಿದೆಯೇ ಎಂದು ನೋಡಲು
ಒಲೆ ಒಡೆಯುವವರುಂಟೆ?
ತ್ಬಿಲಿಸಿಯ ಇದೇ ಬೀದಿಯ ನೆಲಮಾಳಿಗೆಯಲ್ಲಿ
ಝುಜುನಾ ರೊಟ್ಟಿಯ ಬೆನ್ನು ತಟ್ಟಿ ಕಿವಿಗೊಡುತ್ತಾಳೆ.
ನಾನೂ ಹಾಗೇ ತಟ್ಟುತ್ತೇನೆ.

ಅನ್ನವಾದರೆ ಒಂದು ಅಗುಳು ಹಿಚುಕಿದರೆ ಸಾಕು.
ಅಂಕಿಗೆ ಸಾಲದು; ಒಂದು ಬೆಂದಿದ್ದರೆ ಪಕ್ಕದ್ದು ಹಸಿ.

ಸೊನ್ನೆ ಕಳಿಸಿದೆ. ಸೊನ್ನೆ ಲರಿ ಬಂತು, ಬಲು ವಿನಯದಿಂದ.
ತೊಂಬತ್ತೊಂಬತ್ತು ಕಳಿಸಿದೆ.
ನಮ್ಮ ಎಣಿಕೆಯಲ್ಲಿ ಅದು ನಾಲ್ಕು ಇಪ್ಪತ್ತು, ಮೇಲೆ ಹತ್ತೊಂಬತ್ತು.
ಅಟ್ಟದಿಂದ ಇಳಿಸಿದ ಜಾಡಿಗಳ ಹಾಗೆ
ಒಂದೂ ಒಡೆಯದೆ ಬಂತು.
ಶಾಲೆಯಲ್ಲಿ ಇದಕ್ಕೇ ಏಟು ತಿಂದವಳು,
ನಿನ್ನ ಯಂತ್ರಕ್ಕೆ ತಲೆದೂಗಿದೆ.
ತೊಂಬತ್ತೊಂಬತ್ತು ದಶಾಂಶ ಒಂಬತ್ತು ಒಂಬತ್ತು ಐದು ಕಳಿಸಿದೆ.
"ತೊಂಬತ್ತೊಂಬತ್ತು ಲರಿ ನೂರು ತೆತ್ರಿ."
ನೀನು ನಕ್ಕೆ, ನಾನೂ ನಕ್ಕೆ.
ನೂರು ತೆತ್ರಿ ಹೊಸ್ತಿಲಲ್ಲಿ ನಿಂತಿವೆ,
ಒಂದು ಲರಿಯಾಗಿ ಒಳಗೆ ಬನ್ನಿ ಎನ್ನುವವರಿಲ್ಲ.

ಆಮೇಲೆ, ಹನ್ನೆರಡು ದಶಾಂಶ ಐದು.
"ಹನ್ನೆರಡು ಲರಿ ಐದು ತೆತ್ರಿ."

ಈ ಸಲ ನೀನು ನಗಲಿಲ್ಲ.
"ಬಾಲದ ಸೊನ್ನೆ ಬಿದ್ದುಹೋಗಿದೆ.
ಐದಕ್ಕೂ ಐವತ್ತಕ್ಕೂ ಇಲ್ಲಿ ಒಂದೇ ಮುಖ.
ಈ ಸಂಖ್ಯೆಯೇ ಯಾಕೆ ಹೊಳೆಯಿತು ನಿಮಗೆ?"
ಸುಮ್ಮನೆ, ಎಂದೆ ನಾನು.

ಮೂವತ್ತೊಂದು ವರ್ಷ ಉಳಿತಾಯ ಬ್ಯಾಂಕಿನ ಗಾಜಿನ ಹಿಂದೆ
ಆ ಯಂತ್ರ ನಾನೇ ಆಗಿದ್ದೆ.
ಒಂದನ್ನು ಯಾರೂ ತಿದ್ದಿ ಏಳು ಮಾಡದಿರಲೆಂದು
ಅಂಕಿಯ ಪಕ್ಕ ಅಕ್ಷರದ ಬೀಗ, ನೇರಳೆ ಶಾಯಿಯಲ್ಲಿ.
ಎರಡಕ್ಕೂ ತಾಳೆಯಾಗದಿದ್ದರೆ
ಅಕ್ಷರದ ಮಾತೇ ಕೊನೆ. ಅದು ನಮ್ಮ ಶಾಖೆಯ ನಿಯಮ.

ಲರಿ ಹೊಸದಾಗಿದ್ದ ಚಳಿಗಾಲ. ಕರೆಂಟಿಲ್ಲ.
ಮೇಣದ ಬತ್ತಿ. ತುದಿ ಕತ್ತರಿಸಿದ ಕೈಗವಸು.
ಗಡಿಯಾರ ರಿಪೇರಿಯ ಬಾಗ್ರಾತ್ ಪಾಸ್‌ಬುಕ್ ಚಾಚಿದರು.
ಅಂಕಿ ಸರಿಯಾಗಿಯೇ ಬರೆದೆ.
ಐವತ್ತು ನಮ್ಮಲ್ಲಿ ಎರಡು ಇಪ್ಪತ್ತು, ಮೇಲೆ ಹತ್ತು;
ಉದ್ದದ ಪದ, ಗೇಗಾ. ಐದು ಗಿಡ್ಡ.
ಸೆಟೆದ ಬೆರಳು ಗಿಡ್ಡದ್ದನ್ನು ಬರೆಯಿತು.
ಕೈತಪ್ಪೋ, ಚಳಿಗೆ ಸೋತ ಆಸೆಯೋ,
ಆ ಕೋಣೆಗೆ ನನಗೂ ಬಾಗಿಲಿಲ್ಲ.

ಅವರು ಓದಿದರು. ಬತ್ತಿಯನ್ನು ನೋಡಿದರು.
ನನ್ನ ಬೆರಳುಗಳನ್ನು ನೋಡಿದರು.
ಮಡಚಿ ಜೇಬಿಗಿಟ್ಟುಕೊಂಡು ಹೊರಟರು.
ನನಗೆ ಗೊತ್ತಾದದ್ದು ರಾತ್ರಿ,
ಕಂಬಳಿಯ ಮೇಲೆ ಬೆರಳು ತಾನೇ ಆ ಪದ ಗೀಚಿದಾಗ.
ಮರುವಾರ ಅವರು ಬರಲಿಲ್ಲ.
ಅದರ ಮರುವಾರವೂ.
ಲೆಕ್ಕ ತಪಾಸಣೆಯವರು ಮೂರು ಸಲ ಬಂದರು,
ಅಂಕಿಗಳನ್ನಷ್ಟೇ ಕೂಡಿದರು, ಸರಿಯಿದೆ ಎಂದು ಸಹಿ ಹಾಕಿದರು.

ತೆತ್ರಿ ಅಂದರೆ ಬಿಳಿ ಎಂದೂ ಅರ್ಥ, ನಿನಗೆ ಗೊತ್ತು.
ನಲವತ್ತೈದು ಬಿಳಿ ಚುಕ್ಕೆಗಳು.
ಕೆಲವು ಚಳಿಗಾಲ ಅಷ್ಟೇ ಹಿಮ ಬೀಳುತ್ತದೆ ಇಲ್ಲಿ,
ನೆಲಕ್ಕೆ ತಾಕುವ ಮುಂಚೆ ಇರುವುದಿಲ್ಲ.

ಸಂಜೆ ನೀನು ತಿದ್ದಿದೆ. ಸಾಲುಗಳೆಲ್ಲ ಹಸಿರಾದವು.
ಕೋಟಿನ ಒಂದು ತೋಳು ಹಾಕಿಕೊಂಡೇ ಕೇಳಿದೆ,
"ಇನ್ನೇನಾದರೂ ಉಳಿದಿದೆಯಾ?"
ಇಲ್ಲ, ಹೋಗು, ಬಸ್ಸು ತಪ್ಪೀತು.

ದೀಪ ಆರಿಸುವ ಮುನ್ನ ಮತ್ತೊಮ್ಮೆ ತಟ್ಟಿದೆ.
"ಹನ್ನೆರಡು ಲರಿ ಐವತ್ತು ತೆತ್ರಿ."
ಉದ್ದದ ಪದ, ಒಂದಕ್ಷರ ಕಡಿಮೆಯಿಲ್ಲದೆ.
ರಶೀದಿ ಮುದ್ರಿಸಿದೆ, ಬಿಸಿ ಆರುವ ಮೊದಲೇ
ಮಡಚಿ ಜೇಬಿಗಿಟ್ಟುಕೊಂಡೆ.
ಹೆಸರಿನ ಜಾಗದಲ್ಲಿ
ಪರೀಕ್ಷೆ ಎಂದಷ್ಟೇ ಇತ್ತು.